ನಾರ್ವಾಲ್ ಹಿತ್ತಲದಾಗ ಅದಾಳ

ನಸುಕು ಹರಿಯುವುದರೊಳಗೆ ಹೇಮಾವತಿ ಮುಗಿಸಬೇಕಾದ ಕೆಲಸಗಳು ಇವು. ನಳ ಬರುವ ದಿನವಾದರೆ ಹಂಡೆ, ಡ್ರಮ್ಮು, ಕೊಡ, ಕೊನೆಗೆ ಮಗಳ ಹಳೆಯ ಬಾಟಲಿಗಳನ್ನೂ ಬಿಡದೆ ತುಂಬಿಸುವುದು. ಬಾರದ ದಿನವಾದರೆ ಆ ನೀರನ್ನು ಯಾರೂ ದುಂದು ಮಾಡದಂತೆ ಕಾವಲು ಕಾಯುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ಅತ್ತೆಯ ಲಿಂಗಪೂಜೆಗೆ ಪತ್ರಿ, ವಿಭೂತಿ, ತಂಬಿಗೆ ನೀರು ಅಣಿಮಾಡುವುದು. ಗಂಡನ ಶುಗರ್ ಮಾತ್ರೆಯನ್ನು ಲೋಟದ ಪಕ್ಕದಲ್ಲಿ, ಲೋಟವನ್ನು ಅವನ ಕೈಗೆ ಎಟಕುವಲ್ಲಿ ಇಡುವುದು. ಮಂಡಕ್ಕಿ ತೋಯಿಸಿ ಎಲ್ಲರಿಗೂ ಉಗ್ಗಾಣಿ, ಹಲ್ಲು ಉದುರಿದ ಅತ್ತೆಗೆ ಬೇರೆ ಮೆತ್ತನೆಯ ಉಪ್ಪಿಟ್ಟು, ಮಗಳ ಡಬ್ಬಿಗೆ ಇವೆರಡೂ ಅಲ್ಲದ ಮೂರನೆಯದು. ಮಧ್ಯಾಹ್ನದ ರೊಟ್ಟಿಗೆ ಜೋಳದ ಹಿಟ್ಟು ಜರಡಿ ಹಿಡಿಯುವುದು. ಇಷ್ಟರ ನಡುವೆ ಯಾರೂ ಕೆಲಸವೆಂದು ಕರೆಯದ ಇನ್ನೊಂದು ಕೆಲಸ: ಮನೆಯಲ್ಲಿ ಯಾರ ವಸ್ತು ಎಲ್ಲಿದೆ ಎಂಬುದನ್ನು ಅವರ ಪರವಾಗಿ ನೆನಪಿಟ್ಟುಕೊಂಡಿರುವುದು.

ಇದೆಲ್ಲ ಮುಗಿದ ಮೇಲೆ ಅವಳು ಉತ್ತರ ಧ್ರುವಕ್ಕೆ ಹೋಗುತ್ತಿದ್ದಳು.

ದಾರಿ ದೂರವೇನಲ್ಲ. ಪಡಸಾಲೆ ದಾಟಿ, ದೇವರ ಕೋಣೆಯ ಪಕ್ಕದ ಸಣ್ಣ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡರೆ ಬಂತು. ಗಂಡ ವಾಗೀಶ್ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ವ್ಯಾಪಾರಿ. ಹತ್ತಿಯ ಸ್ಯಾಂಪಲ್ ಪುಡಿಕೆಗಳನ್ನು ಅವನು ಆ ಕೋಣೆಯ ನಾಲ್ಕೂ ಗೋಡೆಗೆ ಒಟ್ಟಿದ್ದ. ಇದರಿಂದ ಹೇಮಾವತಿಗೆ ಅವನು ಎಣಿಸದ ಒಂದು ಉಪಕಾರವಾಗಿತ್ತು. ಹೊರಗಿನಿಂದ ಯಾರಾದರೂ "ಹೇಮಾ" ಎಂದು ಕೂಗಿದರೆ ಆ ಕೂಗು ಹತ್ತಿಯಲ್ಲಿ ಸಿಕ್ಕಿಕೊಂಡು ಅರ್ಧ ಮಾತ್ರ ಒಳಗೆ ಬರುತ್ತಿತ್ತು. ಅರ್ಧ ಕೂಗಿಗೆ ಓಗೊಡಬೇಕೆಂಬ ನಿಯಮವನ್ನು ಯಾರೂ ಮಾಡಿರಲಿಲ್ಲ.

ಅಲ್ಲಿ ಲ್ಯಾಪ್‌ಟಾಪ್ ತೆರೆದರೆ ನಾರ್ವಾಲ್‌ಗಳು. ಕೆನಡಾ, ಗ್ರೀನ್‌ಲ್ಯಾಂಡಿನ ಹಿಮದ ಸಮುದ್ರದಲ್ಲಿರುವ, ಬೂದಿ ಬಣ್ಣದ ಮೈಮೇಲೆ ಚುಕ್ಕೆ ಎರಚಿದಂಥ ತಿಮಿಂಗಿಲಗಳು. ಗಂಡಿನ ಮೇಲ್ದುಟಿಯನ್ನು ಸೀಳಿಕೊಂಡು ಒಂದು ಹಲ್ಲು ಹುರಿ ಹೊಸೆದ ಹಾಗೆ ಸುತ್ತಿ ಸುತ್ತಿ ಆಳುದ್ದಕ್ಕಿಂತ ಹೆಚ್ಚು ಮುಂದಕ್ಕೆ ಬೆಳೆದಿರುತ್ತದೆ. ನೋಡಿದವರು ಕೊಂಬು ಎಂದುಕೊಳ್ಳಬೇಕು. ಎಲ್ಲೋ ದೂರದ ವಿಜ್ಞಾನಿಗಳು ಡ್ರೋನ್ ಹಾರಿಸಿ ಅವುಗಳ ವಿಡಿಯೋ ತೆಗೆದಿದ್ದರು. ತುಣುಕು ತುಣುಕಾಗಿ ಬರುವ ಆ ವಿಡಿಯೋ ನೋಡಿ, ಇದು ಹೆಣ್ಣೋ ಗಂಡೋ, ಏನು ಮಾಡುತ್ತಿದೆ ಎಂದು ಗುರುತು ಹಾಕುವುದು ಹೇಮಾವತಿಯ ಕೆಲಸ. ತೆರೆಯ ಕೆಳಗೆ ಐದು ಗುಂಡಿ: ಸಂಚಾರ, ಬೇಟೆ, ಒಡನಾಟ, ಮರಿಯ ಆರೈಕೆ, ವಿಶ್ರಾಂತಿ.

ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿ, ಮದುವೆಯಾದ ಮೇಲೆ ಅದನ್ನು ಬರೀ ಜಿರಲೆಗಳ ಮೇಲೆ ಪ್ರಯೋಗಿಸಿದ್ದವಳಿಗೆ ಇಂಥದೊಂದು ಕೆಲಸ ಸಿಕ್ಕಾಗ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಬೇರೆಯೇ ಆಗಿತ್ತು. ಮೊಟ್ಟೆಯ ಚಿತ್ರವಿರುವ ಕ್ಯಾಲೆಂಡರನ್ನೂ ಗೋಡೆಗೆ ಹಾಕದ ಶೈವರ ಮನೆ ಅದು.

"ದೇವ್ರ ಕ್ವಾಣಿ ಮಗ್ಗಲದಾಗ ಮೀನ ಇಟ್ಕೊಂಡು ಕುಂದ್ರತೀಯೇನ?" ಎಂದು ಅತ್ತೆ ಮಹಾಂತಮ್ಮ ಕೇಳಿದಳು.

"ಮೀನ ಅಲ್ರಿ ಅತ್ತಿ. ಇವು ತತ್ತಿ ಇಡಂಗಿಲ್ಲ. ನಮ್ಮಂಗ ಹಡೀತಾವು, ಹಾಲು ಕುಡಸ್ತಾವು."

"ಹಾಲು?"

"ಹಾಲು. ವರ್ಷದ ಮ್ಯಾಲ ಕುಡಸ್ತಾವಂತ."

ಮಹಾಂತಮ್ಮ ಲೆಕ್ಕ ಹಾಕಿದಳು. ಹಾಲು ಕೊಡುವುದು ಎಂದ ಮೇಲೆ ಹಸು, ಎಮ್ಮೆಯ ಕಡೆಯದು. "ಅವು ಏನ ತಿಂತಾವು?"

ಹೇಮಾವತಿ ಸುಳ್ಳು ಹೇಳಲಿಲ್ಲ. "ಮೀನ ತಿಂತಾವು. ಆದ್ರ ಬಾಳ ಆಳಕ್ಕ ಹೋಗಿ ತಿಂತಾವ್ರಿ. ಮ್ಯಾಲ ಕಾಣಂಗಿಲ್ಲ."

ನೆಂಟರಲ್ಲಿ ಕೆಲವು ಗಂಡಸರು ಬಳ್ಳಾರಿಗೆ ಹೋದಾಗ ಏನು ತಿನ್ನುತ್ತಾರೆಂಬುದು ಮಹಾಂತಮ್ಮನಿಗೆ ಗೊತ್ತಿತ್ತು. ಕಣ್ಣಿಗೆ ಕಾಣದಂತೆ ತಿನ್ನುವವರನ್ನು ಮನೆಯೊಳಗೆ ಬಿಟ್ಟುಕೊಂಡೇ ಬಂದಿದ್ದಳು. ಒಪ್ಪಿಗೆ ಕೊಟ್ಟಳು. ಕೊಟ್ಟ ವಾರದಲ್ಲೇ ಬತ್ತಿ ಹೊಸೆಯುವ ಅರಳೆ ಹಿಡಿದು ತಾನೂ ಬಂದು ಸೊಸೆಯ ಪಕ್ಕ ಕೂರತೊಡಗಿದಳು.

"ಅದು ಹಲ್ಲಾ? ನನಗ ಎರಡ ಉಳದಾವು, ಕೇಳವ್ರಿಲ್ಲ. ಅದಕ್ಕ ಒಂದ ಐತಿ, ಹೆಂಗ ಮೆರೀತೈತಿ ನೋಡು. ಯಾತಕ್ಕಂತ ಅಷ್ಟುದ್ದ?"

"ಇನ್ನಾ ಪೂರಾ ಗೊತ್ತಾಗಿಲ್ಲಂತ. ಒಬ್ರು ತೋರಿಕಿಗೆ ಅಂತಾರ, ಒಬ್ರು ನೀರಿನ ಗುಣ ತಿಳಕೊಳ್ಳಾಕ ಅಂತಾರ. ಅದರ್ಲೆ ಮೀನಿಗೆ ಬಡಿಯೋದೂ ನೋಡ್ಯಾರಂತ."

"ತೋರಿಕಿಗೇ. ನಿಮ್ಮ ಮಾವನ ಬೆಳ್ಳಿ ಹಿಡಿ ಕೋಲು ಇದ್ದಂಗ. ಒಂದಿನರ ಅದನ್ನ ಊರಿ ನಡೀಲಿಲ್ಲ ಪುಣ್ಯಾತ್ಮ."

ವಾಗೀಶ್ ಮಾತ್ರ ಮಾರ್ಕೆಟ್ಟಿನಲ್ಲಿ ತನ್ನ ಹೆಂಡತಿ ಸಮುದ್ರ ಸಂಶೋಧನೆಯಲ್ಲಿದ್ದಾಳೆ ಎಂದು ಹೇಳಿಕೊಂಡು ತಿರುಗಿ, ಮನೆಗೆ ಬಂದವನೇ ಆ ಸಂಶೋಧಕಿಯನ್ನು ತನ್ನ ಟವೆಲ್ ಎಲ್ಲಿದೆ ಎಂದು ಕೇಳುತ್ತಿದ್ದ.

ಈಗ ಆ ಮನೆಯ ಇನ್ನೊಂದು ಸಂಗತಿ ಹೇಳಬೇಕು. ಅತ್ತೆ ಸೊಸೆ ಉಪ್ಪಿನಿಂದ ಹಿಡಿದು ಮಗಳ ಸ್ಕೂಟಿಯವರೆಗೆ ಎಲ್ಲದಕ್ಕೂ ಜಗಳವಾಡಿದ್ದರು. ಒಂದು ಒಪ್ಪಂದವನ್ನು ಮಾತ್ರ, ಬಾಯಿಬಿಟ್ಟು ಆಡಿಕೊಳ್ಳದೆಯೇ, ಇಬ್ಬರೂ ಮುರಿದಿರಲಿಲ್ಲ. ಇಬ್ಬರಲ್ಲಿ ಒಬ್ಬಳು ಅಡ್ಡಾದಾಗ ಯಾರಾದರೂ ಕೇಳಿದರೆ ಇನ್ನೊಬ್ಬಳು ಹೇಳಬೇಕಾದ್ದು ಒಂದೇ: "ಹಿತ್ತಲದಾಗ ಅದಾಳ."

ಆ ಕಡೆಯ ಮನೆಗಳಲ್ಲಿ "ಮಲಗ್ಯಾಳ" ಎನ್ನುವುದು ಸುದ್ದಿಯಲ್ಲ, ಆರೋಪ. ಗಂಡಸು ಮಲಗಿದರೆ ದಣಿದಿದ್ದಾನೆ. ಹೆಂಗಸು ಮಲಗಿದರೆ ಒಂದೋ ಜ್ವರ, ಇಲ್ಲವೇ ಸೊಕ್ಕು. ಹೀಗಾಗಿ ಫೋನ್ ಮಾಡಿದವರಿಗೆ, ಬಂದ ನೆಂಟರಿಗೆ, ಪಡಸಾಲೆಯಿಂದ ಕೂಗುವ ಗಂಡಸರಿಗೆ ಅತ್ತೆ ಹಿತ್ತಲಲ್ಲಿರುತ್ತಿದ್ದಳು, ಸೊಸೆ ಹಿತ್ತಲಲ್ಲಿರುತ್ತಿದ್ದಳು. ಮಲಗುವುದಕ್ಕೂ ಒಂದು ಕ್ರಮವಿತ್ತು. ಮಹಾಂತಮ್ಮ ಮೊರದ ತುಂಬ ತೊಗರಿಬೇಳೆ ಹೊಟ್ಟೆಯ ಮೇಲಿಟ್ಟುಕೊಂಡು ನಿದ್ದೆ ಹೋಗುವಳು. ಚಪ್ಪಲಿ ಸದ್ದಾದರೆ ಕಣ್ಣು ತೆರೆಯುವ ಮೊದಲೇ ಬೆರಳು ಹರಳು ಆರಿಸಲು ಸುರುಮಾಡುವವು. ಹೇಮಾವತಿಯದು ಅರ್ಧ ಮಡಿಚಿದ ಸೀರೆ. ಒಂದೇ ಸೀರೆಯನ್ನು ಒಂದು ಇಡೀ ಮಧ್ಯಾಹ್ನ ಮಡಿಚಿದ್ದೂ ಉಂಟು. ವಾಗೀಶ್ ಹಿತ್ತಲಿಗೆ ಸಿಮೆಂಟು ಹೊಡೆಸಿ ಬೈಕ್ ನಿಲ್ಲಿಸಲು ಸುರುಮಾಡಿ ಬಹಳ ಕಾಲವಾಗಿತ್ತು. ಅಲ್ಲಿ ಹೆಂಗಸರಿಗೆ ಮಾಡಲು ಏನೂ ಉಳಿದಿರಲಿಲ್ಲ. ಆದರೂ ಅವರು ಹಿತ್ತಲಲ್ಲೇ ಇದ್ದರು.

ಒಂದು ದಿನ ನಾಗಜ್ಯೋತಿ ಫೋನ್ ಮಾಡಿದಳು. ಆಕೆ ಆಸ್ಪರಿಯ ಹುಡುಗಿ, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವಳು, ಈಗ ಕರ್ನೂಲಿನಲ್ಲಿ ಕೂತು ಹೇಮಾವತಿಯಂಥ ಹಲವರ ಗುರುತುಗಳನ್ನು ತಪಾಸಣೆ ಮಾಡುವ ಮೇಲ್ವಿಚಾರಕಿ.

"ಹೇಮಾವತಿ ಗಾರೂ, ಒಂದು ಮಾತು ಕೇಳ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ನೀವು ಇಷ್ಟು ತಿಂಗಳಿಂದ ನೋಡಿದ ವಿಡಿಯೋದಾಗ ಒಂದು ಹೆಣ್ಣು ನಾರ್ವಾಲೂ ವಿಶ್ರಾಂತಿ ತೊಗೊಂಡಿಲ್ಲ. ಒಕ್ಕಟಿ ಕೂಡಾ ಲೇದು!"

"ತೊಗೊಂಡಿಲ್ಲೇನ್ರಿ?"

"ನನ್ನ ಕೇಳ್ತೀರಲ್ಲಮ್ಮಾ! ಒಂದು ಹೆಣ್ಣು ನೀರಿನ ಮ್ಯಾಲ ಕಟ್ಟಿಗಿ ಬಿದ್ದಂಗ ಬಿದ್ದೈತಿ. ಬಾಲ ಆಡ್ತಿಲ್ಲ, ರೆಕ್ಕಿ ಆಡ್ತಿಲ್ಲ. ಉಳಿದವ್ರೆಲ್ಲಾ ವಿಶ್ರಾಂತಿ ಅಂದಾರ. ನೀವು 'ಮರಿಯ ಆರೈಕೆ' ಅಂದೀರಿ. ಆ ವಿಡಿಯೋದಾಗ ಮರಿನ ಇಲ್ಲ!"

"ಎಲ್ಲೋ ಹೋಗಿರತೈತಿ ಬಿಡ್ರಿ ಮೇಡಂ. ಕಾಯಾಕತ್ತಿರತಾಳ."

ನಾಗಜ್ಯೋತಿ ಉಸಿರೆಳೆದುಕೊಂಡದ್ದು ಕೇಳಿಸಿತು. "ಸರೇ. ಮತ್ತ ಗಂಡುಗಳು? ನಾಕೈದು ಗಂಡು ಸೇರಿ ಹಲ್ಲಿಗೆ ಹಲ್ಲು ತಾಗಿಸ್ತಾವು, ಅದು ಒಡನಾಟ. ಅವಕ್ಕೆಲ್ಲಾ ವಿಶ್ರಾಂತಿ ಅಂತ ಒತ್ತೀರಿ."

"ಕಟ್ಟಿ ಮ್ಯಾಲ ಕುಂತಂಗ ಕಂಡ್ವು ಮೇಡಂ."

ನಾಗಜ್ಯೋತಿ ನಗೆ ತಡೆಯಲಾರದೆ ಫೋನ್ ದೂರ ಹಿಡಿದಳು. ಮತ್ತೆ ಹತ್ತಿರ ತಂದಾಗ ದನಿಯಲ್ಲಿ ನಗೆಯಿರಲಿಲ್ಲ. ಹೇಮಾವತಿಯ ಗುರುತುಗಳು ಉಳಿದವರ ಗುರುತಿಗೆ ಹೊಂದುತ್ತಿಲ್ಲ, ಮೇಲಿನವರು ಕೇಳುತ್ತಿದ್ದಾರೆ. ಬರುವ ಸೋಮವಾರ ಬೆಳಿಗ್ಗೆ ಪರೀಕ್ಷೆ. ಸುರುವಾದ ಮೇಲೆ ನಡುವೆ ಎದ್ದರೆ ತೆರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಹೊಂದದಿದ್ದರೆ ಅವಳ ಐಡಿ ಬಂದ್.

ಹೇಮಾವತಿ ಫೋನ್ ಕೆಳಗಿಟ್ಟು ಕೋಣೆಯ ಬಾಗಿಲನ್ನು ನೋಡಿದಳು. ಈ ಮನೆಯಲ್ಲಿ ಅವಳು ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲುಗಳು ಎರಡು, ಒಂದು ಬಚ್ಚಲಿನದು. ಕೆಲಸ ಹೋದರೆ ಈ ಬಾಗಿಲೂ ಹೋಗುತ್ತದೆ. "ಕೆಲಸ ಇಲ್ಲಂದ್ರ ಬಾಗಿಲಾ ಯಾಕ ಹಾಕ್ಕೋಬೇಕು" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಿಮದ ಸಮುದ್ರವೂ ಹೋಗುತ್ತದೆ. ಒಮ್ಮೆ ಉಸಿರೆಳೆದುಕೊಂಡು ಮೈಲಿಯಷ್ಟು ಆಳಕ್ಕೆ, ಯಾರ ಕೂಗೂ ತಲುಪದ ಕತ್ತಲಿಗೆ ಇಳಿಯುವ ಆ ಹೆಣ್ಣುಗಳನ್ನು ನೋಡದೆ ಇನ್ನು ದಿನ ಕಳೆಯುವುದು ಅವಳಿಗೆ ಸಾಧ್ಯವೆನಿಸಲಿಲ್ಲ.

ಆದ್ದರಿಂದ ಅವಳು ವಿಶ್ರಾಂತಿ ಎಂದರೆ ಏನು ಎಂದು ಕಲಿಯಲು ಹೊರಟಳು. ಮಾರ್ಗದರ್ಶಿಯಲ್ಲಿ ಬರೆದದ್ದು ಇಷ್ಟೇ: ದೇಹ ನಿಶ್ಚಲ, ಬಾಲದಲ್ಲಿ ಚಲನೆಯಿಲ್ಲ, ಉಸಿರು ಸಾವಕಾಶ. ಮನೆಯಲ್ಲೇ ಮಾದರಿ ಹುಡುಕಿದಳು. ಊಟವಾದ ಮೇಲಿನ ವಾಗೀಶ್ ಎಲ್ಲದಕ್ಕೂ ಸರಿಹೊಂದಿದ. ಅವನ ನಿಶ್ಚಲತೆ ಎಷ್ಟು ಪರಿಪೂರ್ಣವಾಗಿತ್ತೆಂದರೆ ಕೈಗೆ ತಗಲುವಂತಿದ್ದ ರಿಮೋಟನ್ನು ಕೊಡಲು ಅವನು ಮಗಳನ್ನು ಕರೆದ. ಆದರೆ ಬೇಕಾದದ್ದು ಹೆಣ್ಣು ಮಾದರಿ. ಮಹಾಂತಮ್ಮ ಮಂಚದ ಮೇಲೆ ಉದ್ದಕ್ಕೆ ಚಾಚಿದ್ದಳು, ಕಣ್ಣು ಮುಚ್ಚಿತ್ತು, ಬೆರಳು ಬತ್ತಿ ಹೊಸೆಯುತ್ತಿತ್ತು.

"ಅತ್ತೀ, ಮಲಗೀರೇನ್ರಿ?"

"ಇಲ್ಲವಾ, ಬತ್ತಿ ಮಾಡಾಕತ್ತೀನಿ."

"ಗೊರಕಿ ಹೊಡ್ಯಾಕತ್ತಿದ್ರಿ."

"ಗೊರಕಿ ಬಾಯಿ ಹೊಡೀತೈತಿ. ಬತ್ತಿ ಮಾಡೋದು ಕೈ."

ಎದುರು ಮನೆಯವಳು ಟಿವಿ ನೋಡುತ್ತ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮಗಳು ಪ್ರತಿಮಾ ಬಿದ್ದುಕೊಂಡಿದ್ದಳು, ಆದರೆ ಅಮ್ಮನ ನೆರಳು ಕಂಡ ಕೂಡಲೇ ಪುಸ್ತಕ ತೆರೆದಳು, ಪುಸ್ತಕ ತಲೆಕೆಳಗಾಗಿತ್ತು. ಹತ್ತನೆ ತರಗತಿಗೇ ಇಷ್ಟು ಕಲಿತಿದ್ದಾಳೆ ಎಂದು ಹೇಮಾವತಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ.

ಕೊನೆಗೆ ಮಾದರಿ ಸಿಕ್ಕಿದ್ದು ಬಚ್ಚಲ ಕಲ್ಲಿನ ಹತ್ತಿರ. ಮುಸುರೆ ತಿಕ್ಕಲು ಬರುವ ಲಿಂಗಕ್ಕ ಬಾಂಡೆಗಳನ್ನು ಬೋರಲು ಹಾಕಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಏನೂ ಇಲ್ಲ. ಅಂಗೈ ಮೇಲ್ಮುಖವಾಗಿ ತೊಡೆಯ ಮೇಲೆ ಬಿದ್ದಿದ್ದವು. ಬಾಯಿ ತುಸು ತೆರೆದಿತ್ತು. ದೇಹ ನಿಶ್ಚಲ, ಉಸಿರು ಸಾವಕಾಶ. ಹೇಮಾವತಿ ಕಣ್ಣು ಕೀಲಿಸಿ ನೋಡಿದಳು, ನೋಡುತ್ತಿದ್ದಂತೆ ಅವಳ ಬಾಯಿಂದ ತಾನಾಗಿ ಹೊರಟ ಮಾತು ಇದು: "ಲಿಂಗಕ್ಕಾ, ಖಾಲಿ ಕುಂತಿಯಲ್ಲ, ಆ ಕುಕ್ಕರ್ ಒಂದು ತಿಕ್ಕಿಬಿಡು."

ಲಿಂಗಕ್ಕ ಎದ್ದಳು. "ಕುಂತಿಲ್ರಿ ಅಕ್ಕಾ, ಸ್ವಲ್ಪ ಸೊಂಟ ಹಿಡದಿತ್ತು," ಎಂದಳು.

ಹೇಮಾವತಿ ಅಲ್ಲೇ ನಿಂತಳು. ತಾನು ವಿಶ್ರಾಂತಿ ಎಂಬುದನ್ನು ಕಂಡೇ ಇಲ್ಲ ಎಂದುಕೊಂಡಿದ್ದಳು. ಕಂಡಿದ್ದಳು. ಕಂಡಾಗೆಲ್ಲ ಎಬ್ಬಿಸಿದ್ದಳು. ಹಿತ್ತಲಿನ ಒಪ್ಪಂದದಲ್ಲಿ ಲಿಂಗಕ್ಕನಿಗೆ ಪಾಲು ಕೊಡಬೇಕೆಂದು ಅತ್ತೆಗಾಗಲಿ ತನಗಾಗಲಿ ಹೊಳೆದಿರಲೇ ಇಲ್ಲ.

"ಕುಕ್ಕರ್ ಇರಲಿ ಬಿಡು. ಕುಂದ್ರು," ಎಂದಳು.

ಲಿಂಗಕ್ಕ ಅನುಮಾನದಿಂದ ನೋಡಿದಳು. "ಯಾಕ್ರಿ ಅಕ್ಕಾ, ನನ್ನ ಕೆಲಸ ಬಿಡಸ್ತೀರೇನು?"

"ಇಲ್ಲಬೇ, ಸುಮ್ಮನ ಕುಂದ್ರು ಅಂದೆ."

"ಸುಮ್ಮನ ಕುಂದ್ರು ಅಂದ್ರ ಹೆಂಗ ಕುಂದ್ರಲ್ರಿ? ನೀವು ಹಿಂಗ ನಿಂತು ನೋಡಾಕತ್ತೀರಿ!" ಎಂದು ಕುಕ್ಕರ್ ಎಳೆದುಕೊಂಡಳು.

ಹೇಮಾವತಿ ಮತ್ತೆ ನಾಗಜ್ಯೋತಿಗೆ ಫೋನ್ ಮಾಡಿದಳು. "ಮೇಡಂ, ಒಂದು ಕೇಳ್ತೀನಿ. ಆ ಹೆಣ್ಣು ಸುಮ್ಮನ ಬಿದ್ದಿದ್ದನ್ನ ಅಲ್ಲಿಯವ್ರಿಗೆ ಯಾಕ ತಿಳಸಬೇಕ್ರಿ? ಚಾಡಿ ಹೇಳಿದಂಗ ಆಗಂಗಿಲ್ಲೇನು?"



"ಅಯ್ಯೋ ರಾಮಾ," ಎಂದಳು ನಾಗಜ್ಯೋತಿ. "ಅದಕ್ಕ ಹಿಂಗ ಮಾಡಿದ್ರೇನು? ಮುಚ್ಚಿಡಾಕ?"

"ಬೇಕಂತ ಮಾಡಿಲ್ರಿ. ಕೈ ಅಲ್ಲಿಗೇ ಹೋಗ್ತೈತಿ."

"ಚೂಡಂಡಿ, ನೋಡ್ರಿ ಹೇಮಾವತಿ ಗಾರೂ. ಅಲ್ಲಿ ಹಿಮ ಕರಗಿ ಈಗ ದೊಡ್ಡ ದೊಡ್ಡ ಹಡಗು ಬರ್ತಾವು. ಅವುಗಳ ಸಪ್ಪಳಕ್ಕ ನಾರ್ವಾಲ್ ಬೆದರ್ತಾವು, ಬೇಟೆ ಬಿಡ್ತಾವು. ಯಾವ ಜಾಗದಾಗ, ಯಾವ ಹೊತ್ತಿನಾಗ ಅವು ಸುಮ್ಮನಿರತಾವು ಅಂತ ಗೊತ್ತಾದ್ರ, ಆ ಕಡೆ ಹಡಗು ಬಿಡಬ್ಯಾಡ್ರಿ ಅಂತ ಆ ವಿಜ್ಞಾನಿಗಳು ವಾದ ಮಾಡಬೌದು. ನೀವು ಎಲ್ಲಾರ್ನೂ ಕೆಲಸಕ್ಕ ಹಚ್ಚಿದ್ರ ಅಲ್ಲಿ ಯಾರೂ ಮಲಗೋದ ಇಲ್ಲ ಅಂತ ಆಗ್ತೈತಿ. ಮಲಗದ ಜಾಗಕ್ಕ ಸಪ್ಪಳ ಮಾಡಬ್ಯಾಡ ಅನ್ನಾಕ ಬರ್ತೈತೇನು? ಅರ್ಥಂ ಅಯಿಂದಾ?"

ಅರ್ಥವಾಯಿತು. ಹೇಮಾವತಿಗೆ ಆ ದಿನ ರೊಟ್ಟಿ ಬಡಿಯುವಾಗ ತಟ್ಟಿದ ಪ್ರತಿ ಏಟಿಗೂ ಅದೇ ಯೋಚನೆ. ತಾವು ಅತ್ತೆ ಸೊಸೆ ಇಬ್ಬರೂ ಇಷ್ಟು ವರ್ಷ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಬಂದದ್ದರಿಂದಲೇ, ಈ ಮನೆಯ ಹೆಂಗಸರಿಗೆ ಮಲಗುವ ಹೊತ್ತು ಎಂಬುದೊಂದು ಇದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಿಲ್ಲದ ಹೊತ್ತಿಗೆ ಯಾರು ಬೇಕಾದರೂ ಕೂಗಬಹುದು.

ಸೋಮವಾರ ಬಂತು. ಬೆಳಗಿನ ಕೆಲಸ ಮುಗಿಸಿ, "ಅತ್ತೀ, ಇವತ್ತು ಪರೀಕ್ಷಾ ಐತಿ. ನಡುವ ಎದ್ದೆ ಅಂದ್ರ ಕೆಲಸ ಹೋತು. ಮನಿಗೆ ಬೆಂಕಿ ಬಿದ್ರೂ ಕರೀಬ್ಯಾಡ್ರಿ," ಎಂದು ಹೇಳಿ ಹೇಮಾವತಿ ಬಾಗಿಲು ಹಾಕಿಕೊಂಡಳು.

ಬೆಂಕಿ ಬೀಳಲಿಲ್ಲ, ಆಲೂರಿನಿಂದ ದೊಡ್ಡತ್ತೆ ಬಂದಳು. ವಾಗೀಶನ ದೊಡ್ಡಪ್ಪನ ಹೆಂಡತಿ. ಮೊಮ್ಮಗಳ ತೊಟ್ಟಿಲಿಗೆ ಕರೆಯಲು ಕುಂಕುಮದ ಭರಣಿ ಹಿಡಿದೇ ಬಂದಿದ್ದಳು. ಇಂಥ ಕರೆಯನ್ನು ಮನೆಯ ಮುತ್ತೈದೆಯ ಹಣೆಗೆ ಕುಂಕುಮ ಹಚ್ಚಿಯೇ ಹೇಳಬೇಕು. ಮಹಾಂತಮ್ಮನ ಹಣೆಗೆ ಗಂಡ ತೀರಿದ ಮೇಲೆ ವಿಭೂತಿ ಮಾತ್ರ. ಹೇಮಾವತಿ ಹೊರಗೆ ಬಾರದಿದ್ದರೆ ಕರೆ ಮುಟ್ಟಿದಂತಾಗುವುದಿಲ್ಲ. ಕರೆ ಮುಟ್ಟದೆ ಹೊಸ್ತಿಲು ಇಳಿದರೆ ದೊಡ್ಡತ್ತೆ ಆಲೂರಿನಿಂದ ಚಿಪ್ಪಗಿರಿಯವರೆಗೂ ಸಾರಿಕೊಂಡು ಹೋಗುವವಳು.

ಒಳಗೆ ಹೇಮಾವತಿ ಪರೀಕ್ಷೆಯ ಮುಕ್ಕಾಲು ದಾಟಿದ್ದಳು. ಗಂಡುಗಳ ಹಲ್ಲಾಟಕ್ಕೆ ಹಲ್ಲು ಕಚ್ಚಿ ಒಡನಾಟ ಎಂದು ಒತ್ತಿದ್ದಳು. ಹೊರಗಿನ ಮಾತು ಹತ್ತಿಯ ಮೂಲಕ ಸೋಸಿ ಬರತೊಡಗಿತು.

"ಹೇಮಾ ಎಲ್ಲಿ?" ದೊಡ್ಡತ್ತೆ.

"ಹಿತ್ತಲದಾಗ ಅದಾಳ," ಮಹಾಂತಮ್ಮನ ಉತ್ತರ ತಡವಿಲ್ಲದೆ ಬಂತು.

"ನಾ ಹಿತ್ತಲ ಕಡೆಯಿಂದಾನ ಬಂದೆ. ಅಲ್ಲಿ ಬೈಕ್ ಐತಿ."

"ಹಂಗಾರ ಮಾಳಿಗಿ ಮ್ಯಾಲ ಹೋಗಿರಬೇಕು, ಹಪ್ಪಳಕ್ಕ."

"ಈ ಮೋಡದಾಗ ಹಪ್ಪಳ ಹಾಕ್ತಾಳೇನು? ಆ ಕ್ವಾಣ್ಯಾಗ ಯಾರದಾರ, ಬಾಗಿಲಾ ಹಾಕೇತಲ್ಲ?"

"ಹತ್ತಿ ಐತಿ."

"ಹತ್ತಿ ಒಳಗಿಂದ ಚಿಲಕಾ ಹಾಕ್ಕೊಂತೈತೇನು ಮಹಾಂತಾ?"

ಕೊನೆಯ ವಿಡಿಯೋ ಸುರುವಾಯಿತು. ಬೂದು ನೀರು, ಅಲ್ಲಲ್ಲಿ ಬೆಲ್ಲದ ಅಚ್ಚು ಒಡೆದಂತೆ ಹಿಮದ ಚೂರು. ನಡುವೆ ಒಂದು ಹೆಣ್ಣು, ಪಕ್ಕದಲ್ಲಿ ಮರಿ. ಸ್ವಲ್ಪ ದೂರದಲ್ಲಿ ಇನ್ನೊಂದು ಹೆಣ್ಣು. ತಾಯಿ ಅಲುಗಲಿಲ್ಲ. ಮರಿ ಬಂದು ಅವಳ ಪಕ್ಕೆಗೆ ಮೂತಿ ಒತ್ತಿತು. ಅಲುಗಲಿಲ್ಲ. ಇನ್ನೊಮ್ಮೆ ಒತ್ತಿತು. ಹೇಮಾವತಿ ತೆರೆಯ ಹತ್ತಿರ ಬಾಗಿದಳು. ಬಾಲ ಸ್ವಲ್ಪ ಆಡಿದ್ದರೆ ಸಾಕಾಗಿತ್ತು. ಆಡಲಿಲ್ಲ. ಮರಿ ಸುತ್ತು ಹೊಡೆದು, ಕೊನೆಗೆ ಆ ಇನ್ನೊಂದು ಹೆಣ್ಣಿನ ಪಕ್ಕಕ್ಕೆ ಹೋಗಿ ಸೇರಿಕೊಂಡಿತು. ತಾಯಿ ನೀರಿನ ಮೇಲೆ ಹಾಗೇ ಬಿದ್ದಿದ್ದಳು. ಮರಿ ಎಲ್ಲಿ ಎಂದು ತಿರುಗಿ ನೋಡುವಷ್ಟು ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ವಿಡಿಯೋ ನಿಂತಿತು. ಕೆಳಗೆ ಐದು ಗುಂಡಿ.

ಬಾಗಿಲು ಬಡಿದ ಸದ್ದು. "ಹೇಮಾ! ಏ ಹೇಮಾ! ಕುಂಕುಮ ಹಿಡ್ಕೊಂಡು ನಿಂತೀನಿ ನಾ. ಏನ ಮಾಡಾಕತ್ತೀ ಒಳಗ?"

ಹೇಮಾವತಿಯ ಬೆರಳು ತಾನಾಗಿ ನಾಲ್ಕನೆಯ ಗುಂಡಿಯ ಮೇಲೆ ಹೋಗಿ ಕೂತಿತ್ತು, ಮರಿಯ ಆರೈಕೆ. ಇವಳು ಮರಿಯನ್ನು ಬೇಕೆಂದೇ ಅವಳ ಹತ್ತಿರ ಕಳಿಸಿರಬಹುದು. ಮನಸ್ಸಿನಲ್ಲೇ ಕಾಯುತ್ತಿರಬಹುದು. ಮೈಯಲ್ಲಿ ಹುಷಾರಿಲ್ಲದಿರಬಹುದು. ಅವಳ ಪರವಾಗಿ ಹೇಳಲು ಎಷ್ಟೊಂದು ಮಾತುಗಳಿದ್ದವು. ಎಲ್ಲವೂ ಹೇಮಾವತಿಗೆ ಬಾಯಿಪಾಠವಾಗಿದ್ದ ಮಾತುಗಳೇ.

ಚಿಲಕ ಅಲುಗಿತು. ಹೊರಗೆ ಮಹಾಂತಮ್ಮ ಇನ್ನೇನೋ ಹೊಸ ನೆಪ ಸುರುಮಾಡಿದ್ದಳು.

ಎದ್ದು ಹೋಗಿ ಹಣೆಯೊಡ್ಡಿ ಬರಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೆ ಅಷ್ಟರಲ್ಲೇ ತೆರೆ ಮುಚ್ಚಿಕೊಂಡುಬಿಡುತ್ತಿತ್ತು. ಹೇಮಾವತಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ನೀರಿನ ಮೇಲೆ ಬಿದ್ದಿದ್ದ ಆ ಹೆಣ್ಣನ್ನು ಮತ್ತೊಮ್ಮೆ ನೋಡಿದಳು, ಬೆರಳು ಎತ್ತಿ ಪಕ್ಕಕ್ಕೆ ಸರಿಸಿ, "ವಿಶ್ರಾಂತಿ" ಎಂಬುದನ್ನು ಒತ್ತಿದಳು.